ಡೀಸೆಲ್ಲಿನ ಎಳೆತ

ಹಾಸನದ ಹೊರಗೆ ಒಂದು ಬಂಕಿನಲ್ಲಿ ಗಾಡಿ ನಿಲ್ಲಿಸಿದೆವು. ಗೆಳೆಯನ ಬಿಎಂಡಬ್ಲ್ಯು 530ಡಿ, ಕಡುನೀಲಿ ಬಣ್ಣದ್ದು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬಂಕಿನ ಹುಡುಗ ಸೀದಾ ಪೆಟ್ರೋಲಿನ ಗನ್ನಿಗೇ ಕೈ ಹಾಕಿದ. "ತಮ್ಮಾ, ಡೀಸೆಲ್ಲು" ಅಂದ ಗೆಳೆಯ. ಹುಡುಗನಿಗೆ ನಂಬಿಕೆ ಬರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಅಂಟಿಸಿದ್ದ ಚೀಟಿಯನ್ನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. "ಇಂಥಾ ಗಾಡಿಗೂ ಲಾರಿ ಎಣ್ಣೇನಾ ಸಾರ್?" ಅಂತ ಕೇಳಿದ.

ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಾನು ಬೆಳೆದ ಕಾಲದಲ್ಲೂ ಡೀಸೆಲ್ ಅಂದರೆ ದುಡಿಮೆ. ತೋಟದ ಕೆರೆ ದಂಡೆಯ ಪಂಪ್‌ಸೆಟ್ಟಿನ ಡುಗುಡುಗು, ಅಕ್ಕಿ ಗಿರಣಿಯ ಹೊಗೆ ಕೊಳವೆ, ಕೆಂಪು ಬಸ್ಸಿನ ಹಿಂದಿನ ಸೀಟಿನ ವಾಸನೆ. ಡೀಸೆಲ್ ಅಂಬಾಸಿಡರ್ ಟ್ಯಾಕ್ಸಿ ಘಾಟಿ ಹತ್ತುವಾಗ ಒಳಗಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದೆವು, ಆಡಿದರೂ ಕೇಳಿಸುತ್ತಿರಲಿಲ್ಲ. ಪೆಟ್ರೋಲ್ ಅಂದರೆ ಸವಾರಿ, ಡೀಸೆಲ್ ಅಂದರೆ ಹೊರೆ. ಮನಸ್ಸಿನಲ್ಲಿ ಹೀಗೆ ಎರಡು ಕಪಾಟು ಮಾಡಿಟ್ಟುಕೊಂಡವರಿಗೆ ಡೀಸೆಲ್ಲಿನ ಸ್ಪೋರ್ಟ್ಸ್ ಸೆಡಾನ್ ಎಂಬುದು ಅರ್ಥವಾಗಬೇಕಾದರೆ ಒಮ್ಮೆ ಓಡಿಸಲೇಬೇಕು.

ನನಗೆ ಅರ್ಥವಾದದ್ದು ಮರುದಿನ, ಶಿರಾಡಿ ಘಾಟಿಯಲ್ಲಿ. ಮಂಗಳೂರಿನಿಂದ ವಾಪಸು ಬರುವಾಗ ಗುಂಡ್ಯದಲ್ಲಿ ಗೆಳೆಯ ಸ್ಟೀರಿಂಗ್ ನನಗೆ ಬಿಟ್ಟುಕೊಟ್ಟ. ಪಕ್ಕದಲ್ಲಿ ಕೆಂಪುಹೊಳೆ, ಮುಂದೆ ಬುಲೆಟ್ ಟ್ಯಾಂಕರುಗಳ ಸಾಲು. ನನ್ನ ಪೆಟ್ರೋಲ್ ಕಾರಾಗಿದ್ದರೆ ಒಂದು ಟ್ಯಾಂಕರನ್ನು ಹಿಂದೆ ಹಾಕಲು ಎರಡು ಗೇರು ಇಳಿಸಿ, ಇಂಜಿನ್ ಅರಚುವಷ್ಟು ಒತ್ತಬೇಕಿತ್ತು. ಇಲ್ಲಿ ಕಾಲಿನ ಭಾರವನ್ನು ಪೆಡಲ್ಲಿನ ಮೇಲೆ ತುಸು ಬಿಟ್ಟೆ, ಅಷ್ಟೆ. ಆರ್‌ಪಿಎಂ ಮುಳ್ಳು ಎರಡು ಸಾವಿರದ ಹತ್ತಿರ ಮೆಲ್ಲಗೆ ಎದ್ದಿತು, ಬೆನ್ನು ಸೀಟಿಗೆ ಒತ್ತಿತು, ಟ್ಯಾಂಕರು ಹಿಂದಿನ ಕನ್ನಡಿಯೊಳಗೆ ಹೋಯಿತು. ಇಂಜಿನ್ ದನಿ ಏರಿಸಲೇ ಇಲ್ಲ. ನಮ್ಮ ಡ್ರೈವರುಗಳು ಇದಕ್ಕೆ 'ಪುಲ್ಲಿಂಗ್' ಅನ್ನುತ್ತಾರೆ. ಮರದ ದಿಮ್ಮಿ ಎಳೆಯುವ ಆನೆ ಓಡಿ ಬಂದು ಎಳೆಯುವುದಿಲ್ಲ. ನಿಂತ ನೆಲದಿಂದಲೇ ಎಳೆಯುತ್ತದೆ. ಆ ಬಗೆಯ ಬಲ ಇದು. ಆ ಮೂರು ಲೀಟರಿನ ಆರು ಸಿಲಿಂಡರ್ ಇಂಜಿನ್ನಿಗೆ 560 ನ್ಯೂಟನ್ ಮೀಟರ್ ಟಾರ್ಕ್, ಅದೂ 1500 ಆರ್‌ಪಿಎಂನಿಂದಲೇ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಆರು ಸೆಕೆಂಡೂ ಬೇಕಿಲ್ಲ.

ಈ ಬಲ ಎಲ್ಲಿಂದ ಬರುತ್ತದೆ? ಸೈಕಲ್ಲಿಗೆ ಕೈಪಂಪಿನಲ್ಲಿ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾದದ್ದು ನೆನಪಿರುತ್ತದೆ. ಗಾಳಿಯನ್ನು ಅಮುಕಿದರೆ ಅದು ಕಾಯುತ್ತದೆ. ಡೀಸೆಲ್ ಇಂಜಿನ್ ಅದನ್ನೇ ಅತಿಯಾಗಿ ಮಾಡುತ್ತದೆ: ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಅಮುಕಿ, ಕೆಂಡದಂತೆ ಕಾದ ಆ ಗಾಳಿಗೆ ಎಣ್ಣೆ ಚಿಮ್ಮಿಸುತ್ತದೆ. ಕಿಡಿ ಬೇಡ, ಸ್ಪಾರ್ಕ್ ಪ್ಲಗ್ ಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಇದನ್ನು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ಮಾಡಿ ತೋರಿಸಿದ. ಪಾಪ, 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ತನ್ನ ಹೆಸರಿನ ಎಣ್ಣೆಯಲ್ಲಿ ಕಾರು ಓಡಿದ್ದನ್ನು ಅವನು ನೋಡಲಿಲ್ಲ. ಡೀಸೆಲ್ಲಿನಲ್ಲಿ ಓಡುವ ಮರ್ಸಿಡಿಸ್ 260 ಡಿ ಕಾರು ಬಂದದ್ದು 1936ರಲ್ಲಿ, ಅದರ ಬಲ ಬರೀ 45 ಕುದುರೆಯದ್ದು.

ಎಣ್ಣೆ ಚಿಮ್ಮಿಸುವ ಕೆಲಸ ಸುಲಭದ್ದಲ್ಲ. ಕಾರಿನ ಟಯರಿನಲ್ಲಿ ಎರಡು 'ಬಾರ್'ಗಿಂತ ಸ್ವಲ್ಪ ಹೆಚ್ಚು ಒತ್ತಡ ಇರುತ್ತದೆ. ಈಗಿನ ಡೀಸೆಲ್ ಇಂಜಿನ್ನುಗಳಲ್ಲಿ ಎಣ್ಣೆಯ ಒತ್ತಡ 2000 ಬಾರ್ ಆಸುಪಾಸು. ಕಾಮನ್ ರೈಲ್ ಎಂಬ ಈ ಏರ್ಪಾಡು 1997ರಲ್ಲಿ ಆಲ್ಫಾ ರೋಮಿಯೋ 156ರೊಂದಿಗೆ ಕಾರಿಗೆ ಬಂತು. ಒಂದೇ ಏಟಿಗೆ ಸುರಿಯುವ ಬದಲು ಸಣ್ಣ ಸಣ್ಣ ಗುಟುಕುಗಳಲ್ಲಿ ಚಿಮ್ಮಿಸುವುದರಿಂದ ಆ ಹಳೆಯ ಕಟಕಟ ಅಡಗಿತು. ಇಲ್ಲಿ ನಮ್ಮೂರಿನ ಮಾತೊಂದು ಹೇಳಲೇಬೇಕು. ಡೀಸೆಲ್ ಪಂಪನ್ನು 1927ರಿಂದ ತಯಾರಿಸುತ್ತ ಬಂದ ಬಾಷ್ ಕಂಪನಿಯ ಭಾರತದ ಶಾಖೆಯೇ ಬೆಂಗಳೂರಿನ ಆಡುಗೋಡಿಯ ಮೈಕೋ. ಹೆಸರು 2008ರಲ್ಲಿ ಬಾಷ್ ಎಂದಾಯಿತು, ಆದರೆ ಜನರ ಬಾಯಲ್ಲಿ ಇಂದಿಗೂ ಮೈಕೋ. ದೇಶದ ಲಾರಿ, ಟ್ರ್ಯಾಕ್ಟರುಗಳ ಪಂಪು ನಳಿಕೆಗಳನ್ನು ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಮಾಡಿದ ಕೈಗಳು ನಮ್ಮ ಊರಿನವು. ನನಗೆ ಇದರಲ್ಲಿ ಹೆಮ್ಮೆ ಇದೆ.

ಗೆಳೆಯನಿಗೆ ಪ್ರಿಯವಾದ ಕತೆ ಬೇರೆ. ಜರ್ಮನಿಯ ನೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ಓಟವನ್ನು 1998ರಲ್ಲಿ ಗೆದ್ದದ್ದು ಬಿಎಂಡಬ್ಲ್ಯು 320ಡಿ. ಅದಕ್ಕಿಂತ ಬಲಶಾಲಿ ಕಾರುಗಳು ಕಣದಲ್ಲಿದ್ದವು, ಆದರೆ ಅವು ಮತ್ತೆ ಮತ್ತೆ ಎಣ್ಣೆಗೆ ನಿಂತವು. ಇದು ಓಡುತ್ತಲೇ ಇತ್ತು. 2006ರಲ್ಲಿ ಲ ಮಾನ್ ಓಟದಲ್ಲಿ ಆಡಿಯ ಡೀಸೆಲ್ ಕಾರು ಗೆದ್ದಾಗಲಂತೂ ಅದು ಹತ್ತಿರ ಬಂದದ್ದೇ ತಿಳಿಯದಷ್ಟು ಸದ್ದಿಲ್ಲದೆ ಓಡಿತ್ತು. ನಮ್ಮ ಪ್ರಯಾಣದಲ್ಲೂ ಅದೇ ಗುಣ ಕಂಡೆ. ಹಾಸನದಲ್ಲಿ ತುಂಬಿಸಿದ ಟ್ಯಾಂಕು ಮಂಗಳೂರು ಮುಟ್ಟಿಸಿ, ಮತ್ತೆ ಬೆಂಗಳೂರಿಗೆ ತಂದ ಮೇಲೂ ಮುಳ್ಳು ಅರ್ಧದ ಹತ್ತಿರವೇ ಇತ್ತು.

ಹೊಗೆಯ ಮಾತನ್ನು ಮುಚ್ಚಿಡಲಾರೆ. 2015ರಲ್ಲಿ ಫೋಕ್ಸ್‌ವಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಾಗ ಡೀಸೆಲ್ಲಿನ ಮಾನವೇ ಹೋಯಿತು. ಅದೇ ವರ್ಷ ದಿಲ್ಲಿಯಲ್ಲಿ ದೊಡ್ಡ ಡೀಸೆಲ್ ಕಾರುಗಳ ನೋಂದಣಿಗೆ ಸುಪ್ರೀಂ ಕೋರ್ಟ್ ಕೆಲಕಾಲ ತಡೆ ಹಾಕಿತು. ಮಗುವಿನ ಶ್ವಾಸಕೋಶಕ್ಕಿಂತ ಯಾವ ಕಾರಿನ ಎಳೆತವೂ ದೊಡ್ಡದಲ್ಲ. ಅದಕ್ಕೇ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಈ ಕಾರುಗಳಲ್ಲಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಆ ಜಾಲರಿ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಗೆಳೆಯನಿಗೂ ಒಬ್ಬ ಮೆಕ್ಯಾನಿಕ್, "ಕಿತ್ತು ಹಾಕಿಬಿಡಿ ಸಾರ್, ಪಿಕಪ್ಪೂ ಜಾಸ್ತಿ ಆಗತ್ತೆ" ಅಂದಿದ್ದ. ಇವನು ಒಪ್ಪಲಿಲ್ಲ.

ಇಂಥ ಕಾರು ಇಟ್ಟುಕೊಂಡವರಲ್ಲಿ ನನ್ನದೊಂದು ಬೇಡಿಕೆ. ಆ ಜಾಲರಿಯನ್ನು ಕೀಳಿಸಬೇಡಿ. ದೀಪ ಹತ್ತಿದರೆ ಒಂದು ಭಾನುವಾರ ಬೆಳಗ್ಗೆ ನೆಲಮಂಗಲ ದಾಟಿ, ಕುಣಿಗಲ್ಲಿನ ಕಡೆಗೆ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ. ಕಟ್ಟಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತದೆ.