ಆಮೆಯ ಬಿಲ್ಲು ನಿಮ್ಮನ್ನು ಕಾಯದು

ನಿಮ್ಮ ಕಾಗದ ಕೈಸೇರಿತು. ಮೊಮ್ಮಗಳಿಗೆ ನೆಂಟರು ಉಡುಗೊರೆ ಕೊಟ್ಟ ಆಮೆಗೆ ಏನು ತಿನ್ನಿಸಬೇಕೆಂದು ಕೇಳಿದ್ದೀರಿ. ಮೇವಿನ ಮಾತು ಆಮೇಲೆ. ಕಪ್ಪು ಚಿಪ್ಪು, ಒಂದೊಂದು ಉಬ್ಬಿನ ನೆತ್ತಿಯಿಂದಲೂ ಸುತ್ತ ಚಿಮ್ಮುವ ಹಳದಿ ಗೆರೆ ಎಂದು ಬರೆದಿದ್ದೀರಲ್ಲ, ಅದು ನಕ್ಷತ್ರ ಆಮೆಯೇ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಅಂಗಡಿಯ ಬಿಲ್ಲಿದೆ ಎನ್ನುತ್ತೀರಿ. ಆ ಚೀಟಿಗೆ ಮೂರು ಕಾಸಿನ ಬೆಲೆಯಿಲ್ಲ; ಮಾರಿದ್ದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ನಕ್ಷತ್ರ ಆಮೆ ಹುಲಿ, ಆನೆಗಳ ಜೊತೆ ಮೊದಲ ಅನುಸೂಚಿಯಲ್ಲಿದೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹುಲಿಯುಗುರಿನ ಲಾಕೆಟ್ ಹಾಕಿಕೊಂಡವರ ಪಾಡನ್ನು 2023ರಲ್ಲಿ ಟೀವಿಯಲ್ಲಿ ನೋಡಿದಿರಲ್ಲ, ಅದೇ ಕಾಯ್ದೆ. ಉಡುಗೊರೆಯಾಗಿ ಬಂದದ್ದು ಎಂದವರೂ ಅವರಲ್ಲಿದ್ದರು!

ಒಂದು ಆಮೆಯಿಂದ ಕಾಡಿಗೇನು ನಷ್ಟ ಎನ್ನಬೇಡಿ. ಕೋಲಾರದಿಂದ ಆಂಧ್ರದವರೆಗಿನ ಒಣ ಕುರುಚಲಿನಿಂದ ಹೆಕ್ಕಿದ ಮರಿಗಳು ಚೀಲಗಳಲ್ಲಿ ತುಂಬಿ ವಿದೇಶಕ್ಕೂ ಹೋಗುತ್ತವೆ. ಸಿಂಗಪುರದಲ್ಲಿ ಸಿಕ್ಕ 51 ಆಮೆಗಳನ್ನು 2018ರಲ್ಲಿ ಬೆಂಗಳೂರಿಗೆ ವಾಪಸು ತರಬೇಕಾಯಿತು. 2019ರಲ್ಲಿ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಬಿತ್ತು.

ಪ್ರೀತಿಯಿಂದಲೇ ಸಾಕುತ್ತೀರಿ, ಗೊತ್ತು. ಆದರೆ ಬಿಸಿಲು ಕಾಣದ ಆಮೆಯ ಮೈಯಲ್ಲಿ ಡಿ ಜೀವಸತ್ವ ಹುಟ್ಟುವುದಿಲ್ಲ, ಸುಣ್ಣದಂಶ ಹತ್ತುವುದಿಲ್ಲ. ಚಿಪ್ಪು ಮೆತ್ತಗಾಗಿ ಆಕಾರಗೆಡುತ್ತದೆ. ಚಿಪ್ಪೆಂದರೆ ಅದರ ಬೆನ್ನೆಲುಬು, ಪಕ್ಕೆಲುಬುಗಳೇ ಹರಡಿ ಬೆಸೆದುಕೊಂಡದ್ದು. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ. ತೂತು ಕೊರೆದು ದಾರ ಕಟ್ಟುವವರೂ ಇದ್ದಾರೆ, ಅವರಿಗೆ ಏನನ್ನೋಣ?

ಕಾನೂನಿಗೆ ಹೆದರಿ ರಾತ್ರೋರಾತ್ರಿ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟುಬಿಡಬೇಡಿ. ಇದು ನೆಲದ ಆಮೆ. ಕಾಲು ನೋಡಿ: ಆನೆಯ ಕಾಲಿನಂತೆ ಗಿಡ್ಡ ಕಂಬ, ಬೆರಳ ನಡುವೆ ಜಾಲವಿಲ್ಲ. ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. (ಪಕ್ಕದ ಮನೆಯ ತೊಟ್ಟಿಯಲ್ಲಿರುವ, ಕಣ್ಣ ಹಿಂದೆ ಕೆಂಪು ಪಟ್ಟೆಯದು ಅಮೆರಿಕ ಮೂಲದ್ದು, ಬೇರೆ ಜಾತಿ. ಅದನ್ನೂ ಕೆರೆಗೆ ಬಿಡದಂತೆ ಹೇಳಿ. ನಮ್ಮ ಆಮೆಗಳ ಜಾಗ, ಮೇವು ಕಸಿಯುತ್ತದೆ.)

ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ಆಮೆ ಹೇಗೆ ಬಂತೆಂದು ಇದ್ದದ್ದು ಇದ್ದಂತೆ ಬರೆದುಕೊಡಿ, ಒಪ್ಪಿಸಿದ್ದಕ್ಕೆ ಸಹಿಯಾದ ಕಾಗದ ಕೇಳಿ ಪಡೆಯಿರಿ. ಅವರು ಬರುವವರೆಗೆ ಗರಿಕೆ, ದಾಸವಾಳದ ಎಲೆ, ಹೂವು ಹಾಕಿ. ಅನ್ನ, ಹಾಲು ಬೇಡ. ತಟ್ಟೆಯಲ್ಲಿ ತೆಳ್ಳಗೆ ನೀರಿಡಿ, ಎಳೆಬಿಸಿಲು ಬೀಳಲಿ.

ನಾಳೆಗೆ ತಳ್ಳಬೇಡಿ, ಇವತ್ತೇ ಫೋನ್ ಮಾಡಿ.

ನಿಮ್ಮ ವಿಶ್ವಾಸಿ