ನೆಟ್ಟವರ ಹೆಸರು

ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವೂ ಒಂದು. ಅರಸನು ಪರಿವಾರಸಮೇತನಾಗಿ ಉಪವನಕ್ಕೆ ಹೊರಡುವುದು, ಹೂ ಕೊಯ್ಯುವುದು, ಮರಗಳ ನೆರಳಿನಲ್ಲಿ ವಿಶ್ರಮಿಸುವುದು ಎಲ್ಲವೂ ಅಲ್ಲಿ ಸವಿಸ್ತಾರವಾಗಿ ಬರುತ್ತವೆ. ಆ ವನಕ್ಕೆ ನೀರೆರೆದವರ ಮಾತು ಮಾತ್ರ ವಿರಳ. ಕಳೆದ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ಅಡ್ಡಾಡುವಾಗ ಈ ಕೊರತೆಯೇ ನನ್ನನ್ನು ಕಾಡುತ್ತಿತ್ತು.

ಜನವರಿಯ ಫಲಪುಷ್ಪ ಪ್ರದರ್ಶನ ಮುಗಿದು ಜನಸಂದಣಿ ಕರಗಿತ್ತು. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ಬರಿದಾಗಿತ್ತು. ಹೂವಿನ ರಾಶಿಯಿಲ್ಲದಾಗಲೇ ಅದು ನನಗೆ ಹೆಚ್ಚು ಚೆಲುವಾಗಿ ಕಾಣುತ್ತದೆ. ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು ಆಗಷ್ಟೇ ಕಣ್ಣಿಗೆ ಬೀಳುತ್ತವೆ.

1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ವಿಸ್ತರಿಸಿದ ಈ ತೋಟ ಇಂದು 240 ಎಕರೆಗಳಷ್ಟಿದೆ. ಇದರ ಚರಿತ್ರೆ ಹೇಳುವಾಗ ನಾವು ಅರಸರಿಂದ ನೇರವಾಗಿ ಅಧಿಕಾರಿಗಳಿಗೆ ಬರುತ್ತೇವೆ: ಕ್ಯಾಮರೂನ್, ಕ್ರುಂಬಿಗಲ್, ಜವರಾಯ, ಮರಿಗೌಡ. ಇವರ ಋಣ ಸಣ್ಣದಲ್ಲ. ನಮ್ಮ ಅಡುಗೆಮನೆಗೆ ಸೀಮೆಬದನೆಯನ್ನು ಪರಿಚಯಿಸಿದವರು ಕ್ಯಾಮರೂನ್. ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಮರಗಳನ್ನು ಯೋಜಿಸಿದವರು ಜರ್ಮನಿಯ ಕ್ರುಂಬಿಗಲ್. 1956ರಲ್ಲಿ ಅವರು ಈ ಊರಿನಲ್ಲಿಯೇ ಮಣ್ಣಾದರು.

ಆದರೆ ಗುಣಿ ತೋಡಿದವರು? ತೋಟಗಾರಿಕೆಯನ್ನೇ ಕುಲವೃತ್ತಿಯಾಗಿಸಿಕೊಂಡ ತಿಗಳರು ಈ ನೆಲಕ್ಕೆ ದುಡಿದರೆಂಬುದನ್ನು ನಗರವೆಲ್ಲ ಬಲ್ಲುದು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಾವು ಪಾಠದಲ್ಲಿ ಓದಲಿಲ್ಲ. ಬೇಲೂರಿನಲ್ಲಿ ದಾಸೋಜ, ಚಾವಣರು ತಾವು ಕಡೆದ ವಿಗ್ರಹದ ಪೀಠದಲ್ಲಿ ಹೆಸರು ಕೊರೆದರು. ಕಲ್ಲಿನಲ್ಲಿ ದುಡಿಯುವವನಿಗಿರುವ ಆ ಅನುಕೂಲ ಮಣ್ಣಿನಲ್ಲಿ ದುಡಿಯುವವನಿಗಿಲ್ಲ. (ಶಾಸನಗಳನ್ನೇ ನಂಬಿ ಬದುಕಿದ ನನ್ನಂಥವರಿಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.)

ಹಳೆಯ ಬಿಳಿ ಬೂರುಗದ ಬಳಿ ವೃದ್ಧ ಮಾಲಿಯೊಬ್ಬರು ತರಗೆಲೆ ಗುಡಿಸುತ್ತಿದ್ದರು. ಮರದ ವಯಸ್ಸು ಕೇಳಿದೆ.

“ನಮ್ಮಪ್ಪನೂ ಇದರ ಕೆಳಗೇ ಗುಡಿಸ್ತಿದ್ದ, ಸ್ವಾಮಿ. ಆಗಲೂ ಹಿಂಗೇ ಇತ್ತಂತೆ.”

ತಂದೆಯ ಹೆಸರೇನೆಂದೆ. ಅವರು ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಮರದ ಹೆಸರು ಕೇಳಿದವರು ಎಷ್ಟೋ ಮಂದಿ, ಅಪ್ಪನ ಹೆಸರು ಕೇಳಿದವರು ನೀವೇ ಎಂದರು. ಹೇಳಿದರು. ಶಾಸನಪಾಠಗಳ ನಡುವೆ, ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಲೇಖನದಲ್ಲಿ ಹಾಕಲೇ ಎಂದಾಗ ತಲೆಯಾಡಿಸಿದರು.

“ಬ್ಯಾಡಿ ಸ್ವಾಮಿ, ಅವನಿಗೆ ನಾಚಿಕೆ ಜಾಸ್ತಿ. ನಿಮ್ಮ ಪುಸ್ತಕದಾಗೇ ಇರಲಿ.”

ಇದೆ.