ಬಿಗಿಯ ಹದ

ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟ್ ಹಾಕಿ ಮಿತಿ ಮೀರಿ ಬಿಗಿದರೆ, ಸಾಮಾನ್ಯವಾಗಿ ಸೋಲುವುದು ಬೋಲ್ಟಲ್ಲ. ಅದನ್ನು ಹಿಡಿದುಕೊಂಡಿರುವ ಅಲ್ಯೂಮಿನಿಯಂ. ಅಷ್ಟೇ ಗಾತ್ರದ ಉಕ್ಕಿಗೆ ಹೋಲಿಸಿದರೆ ಅದರ ತೂಕ ಸುಮಾರು ಮೂರನೇ ಒಂದು ಭಾಗ. ಬಿಸಿಯನ್ನೂ ಬೇಗ ಬಿಟ್ಟುಕೊಡುತ್ತದೆ. ಬೈಕಿನ ಎಂಜಿನ್ನಿಗೆ ಅದು ಒಗ್ಗಿದ್ದೇ ಈ ಗುಣಗಳಿಂದ. ಆದರೆ ಮೆದು. ತೂತಿನೊಳಗಿನ ಥ್ರೆಡ್ ಒಮ್ಮೆ ಕಿತ್ತುಹೋದರೆ ಬೋಲ್ಟ್ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಲೇ ಇರುತ್ತದೆ.

ಕಳೆದ ದಸರಾ ರಜೆಯಲ್ಲಿ ನಮ್ಮ ಬೈಕಿಗೆ ಆದದ್ದು ಇದೇ. ಎಂಜಿನ್ ಆಯಿಲ್ ಬದಲಿಸಿ ಡ್ರೇನ್ ಬೋಲ್ಟ್ ಬಿಗಿದವರು ಅಪ್ಪ, ತಿಪಟೂರಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಎಣ್ಣೆ ನಿಂತಿತ್ತು. ಬೋಲ್ಟ್ ಬಿಚ್ಚಿ ನೋಡಿದರೆ ಅದರ ಸಂದುಗಳಲ್ಲಿ ಬೆಳ್ಳಿ ಎಳೆಯ ಹಾಗೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. "ಯಾರೋ ಮೊದ್ಲೇ ಹಾಳು ಮಾಡವ್ರೆ" ಅಂದರು. ಆ ಗಾಡಿಗೆ ಅವರಲ್ಲದೆ ಬೇರೆ ಯಾರೂ ಸ್ಪ್ಯಾನರ್ ಹಚ್ಚಿದವರಿಲ್ಲ. ಅಮ್ಮನೂ ನಾನೂ ಸುಮ್ಮನಿದ್ದೆವು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಪಾದದಿಂದ ಶುರುವಾದ ಜೋಮು ಈಗ ಬೆರಳ ತುದಿಗೂ ಬಂದಿದೆ. ಬಿಸಿ ಲೋಟವನ್ನು ಆರಾಮಾಗಿ ಹಿಡಿದುಕೊಂಡಿರುತ್ತಾರೆ. ಅಂಗಿಯ ಗುಂಡಿ ಹಾಕುವಾಗ ಬಗ್ಗಿ ನೋಡುತ್ತಾರೆ. ಬೋಲ್ಟ್ ಮಾತ್ರ ನೋಡದೆಯೇ ಬಿಗಿಯುತ್ತಿದ್ದರು, ಮೊದಲಿನಂತೆ.

ನಾನು ಪಿಎಚ್‌ಡಿಗೆ ಕಸುಬುದಾರರ ಮಾತನ್ನು ಸಂಗ್ರಹಿಸುತ್ತಿದ್ದೇನೆ. ಹೋದಲ್ಲೆಲ್ಲ ಎದುರಾಗುವ ಪದ 'ಹದ'. ಮಣ್ಣಿಗೆ ಹದ, ಕುಡುಗೋಲಿನ ಬಾಯಿಗೆ ಹದ, ಬೆಲ್ಲದ ಪಾಕಕ್ಕೆ ಹದ. ಅಮ್ಮ ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾಳೆ. ಬೋಲ್ಟಿಗೂ ಹದವಿದೆ ಎಂದು ಹೇಳಿಕೊಟ್ಟವರು ಅಪ್ಪ. ಬಿಗಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಜಗ್ಗಿ ಉದ್ದವಾಗುತ್ತದೆ. ಮತ್ತೆ ಕುಗ್ಗಲು ಎಳೆಯುವ ಆ ಸೆಳೆತವೇ ಅದನ್ನು ಸಡಿಲವಾಗದಂತೆ ಹಿಡಿದಿಡುವುದು. ಥ್ರೆಡ್ ಸೋಲುವ ಮುಂಚೆ ಸ್ಪ್ಯಾನರಿನ ಹಿಡಿಯಲ್ಲಿ ಒಂದು ಮೆತ್ತನೆ ಜಾರು ತಿಳಿಯುತ್ತದೆ. "ಕೈಗೆ ಅದು ಹೇಳ್ತದೆ ಕಣಮ್ಮ, ಸಾಕು ಅಂತ." ಈಗ ಅದು ಹೇಳುತ್ತಲೇ ಇದೆ. ಕೇಳಿಸಿಕೊಳ್ಳುವ ಬೆರಳು ಇಲ್ಲ.

ಗಾಡಿಯನ್ನು ಲೇತ್ ಅಂಗಡಿಗೆ ತಳ್ಳಿಕೊಂಡು ಹೋದೆವು. ಆ ಭಾಗವನ್ನೇ ಬದಲಿಸುವುದಾದರೆ ಇಡೀ ಎಂಜಿನ್ ಬಿಚ್ಚಬೇಕು. "ಬೇಡಣ್ಣ, ಸ್ಪ್ರಿಂಗ್ ಹಾಕ್ತೀನಿ" ಅಂದ ಅಂಗಡಿಯ ಹುಡುಗ. ಸ್ಪ್ರಿಂಗ್ ಎಂದರೆ ಹೆಲಿಕಾಯಿಲ್. ಹಾಳಾದ ತೂತನ್ನು ಇಲ್ಲಿ ಮುಚ್ಚುವುದಿಲ್ಲ, ಇನ್ನಷ್ಟು ದೊಡ್ಡದು ಮಾಡುತ್ತಾರೆ. ನಮ್ಮದು 12 ಮಿ.ಮೀ. ಬೋಲ್ಟ್. ಹುಡುಗ ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ ಡ್ರಿಲ್ಲಿಗೆ ಗ್ರೀಸ್ ಮೆತ್ತಿ, ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ನಿಧಾನವಾಗಿ ಕೊರೆದ. ಆಮೇಲೆ ಹೆಲಿಕಾಯಿಲಿನದೇ ಟ್ಯಾಪ್ ಹಾಕಿ, ಅರ್ಧ ಸುತ್ತು ಮುಂದೆ, ತುಸು ಹಿಂದೆ ತಿರುಗಿಸುತ್ತ ಗಟ್ಟಿ ಲೋಹದಲ್ಲಿ ಹೊಸ ಥ್ರೆಡ್ ಕೊಯ್ದ. ಅದರೊಳಗೆ ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ತಿರುಗಿಸಿ ಕೂರಿಸಿದ. ಸುರುಳಿಯ ಅಗಲ ತೂತಿಗಿಂತ ತುಸು ಹೆಚ್ಚು. ಅದುಮಿಕೊಂಡು ಒಳಗೆ ಹೋಗಿ, ಅಲ್ಲಿ ಬಿಚ್ಚಿಕೊಂಡು ಗೋಡೆಯನ್ನು ತಬ್ಬುತ್ತದೆ. ತುದಿಯ ಕಡ್ಡಿಯನ್ನು ಮುರಿದು, ಚಿಮಟದಿಂದ ಹೊರತೆಗೆದು, ಸ್ವಲ್ಪ ಎಣ್ಣೆ ಹರಿಸಿ ತೊಳೆದ. ಇನ್ನು ಉಕ್ಕಿಗೆ ಉಕ್ಕು ಕಚ್ಚುತ್ತದೆ. ಅಲ್ಯೂಮಿನಿಯಂ ಮೇಲಿನ ಭಾರ ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ. ಹಾಗಾಗಿ ರಿಪೇರಿಯಾದ ತೂತು ಎಷ್ಟೋ ಸಲ ಮೊದಲಿನದಕ್ಕಿಂತ ಗಟ್ಟಿ.

ಅಪ್ಪ ಪೂರ್ತಿ ಹೊತ್ತು ಸ್ಟೂಲಿನ ಮೇಲೆ ಕೂತು ನೋಡಿದರು. ಕೊನೆಗೆ ಬೋಲ್ಟ್ ಬಿಗಿಯಲು ಸ್ಪ್ಯಾನರನ್ನು ಹುಡುಗ ಗೌರವದಿಂದ ಅವರತ್ತ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. "ನೀನೇ ಹಾಕಪ್ಪ" ಅಂದರು. ಮೂವತ್ತು ವರ್ಷದಲ್ಲಿ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವರ ಕೈಯ ಜೋಮಿನ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಮಾತುಕತೆ ಇವತ್ತಿಗೂ ಅಷ್ಟೇ.

ತಡವಾಗಿ ಕೈಸೇರಿದ ಫೆಲೋಶಿಪ್ ಹಣದಲ್ಲಿ ಒಂದು ಟಾರ್ಕ್ ರೆಂಚ್ ಕೊಂಡೆ. ನಮ್ಮ ಡ್ರೇನ್ ಬೋಲ್ಟಿಗೆ ಬೇಕಾದದ್ದು 25 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು ಹತ್ತು ಕೆ.ಜಿ. ತೂಗಿಬಿಟ್ಟಷ್ಟು, ಅಷ್ಟೇ. ಆ ಅಳತೆ ಮುಟ್ಟಿದ ಕೂಡಲೇ ರೆಂಚ್ 'ಟಕ್' ಎನ್ನುತ್ತದೆ. ಬೆರಳಿಗೆ ತಿಳಿಯದಿದ್ದರೂ ಕಿವಿಗೆ ಕೇಳುತ್ತದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕೆಲ್ಸ ಬರದೋರ ಸಾಮಾನು" ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: ಬೋಲ್ಟ್ ಅಡ್ಡಾದಿಡ್ಡಿ ಕೂತಿದ್ದರೂ ಇದು ಟಕ್ ಅನ್ನುತ್ತದೆ.

ಅದು ನಿಜ. ಬೋಲ್ಟ್ ನೆಟ್ಟಗೆ ಕೂತಿದೆಯೇ ಎಂಬುದು ರೆಂಚಿಗೆ ತಿಳಿಯುವುದಿಲ್ಲ. ಮೊದಲ ಕೆಲವು ಸುತ್ತು ಬರಿಗೈಯಲ್ಲೇ ಆಗಬೇಕು. ಈಗ ಆಯಿಲ್ ಬದಲಿಸುವ ದಿನ ಆ ಸುತ್ತುಗಳು ನನ್ನವು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳುತ್ತಾರೆ: "ಮೊದ್ಲು ಹಿಂದಕ್ಕೆ ತಿರುಗ್ಸು. ಸಣ್ಣಗೆ ಒಂದು ಕಡೆ ಕೆಳಕ್ಕೆ ಬೀಳ್ತದೆ, ಅಲ್ಲಿಂದ ಮುಂದಕ್ಕೆ." ನನ್ನ ಬೆರಳಿಗೆ ಅದು ಗೊತ್ತಾಗುವವರೆಗೂ ಅವರು ರೆಂಚನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ.